ಅರವತ್ತೆರಡು ರಿವೆಟ್ಟುಗಳು

ಅಪ್ಪನ ಅಲ್ಯೂಮಿನಿಯಂ ದೋಣಿಯಲ್ಲಿ ಅಣ್ಣ ಸಿಮೆಂಟು ಕಲಸಿದ್ದ. ಮೀನು ಹಿಡಿಯುವ ದೋಣಿಯಲ್ಲಿ! ಅಪ್ಪ ತೀರಿಕೊಂಡ ತಿಂಗಳಲ್ಲೇ "ಹೆಂಗಸಿಗೆ ದೋಣಿ ಕಟ್ಕೊಂಡು ಏನಾಗ್ಬೇಕು" ಎಂದು ತಂಗಿಯ ಬಾಯಿ ಮುಚ್ಚಿಸಿ ದೋಣಿಯನ್ನು ತನ್ನ ಮನೆಗೆ ಎಳೆದುಕೊಂಡು ಹೋದ ಭೂಪ, ಎರಡು ಸಲ ನೀರಿಗಿಳಿಸಿ, ಬೇಸರ ಬಂದು, ಕಾಂಪೌಂಡು ಕಟ್ಟಿಸುವಾಗ ಅದನ್ನೇ ಗಾರೆ ತೊಟ್ಟಿ ಮಾಡಿಕೊಂಡ. ಒಂಬತ್ತು ವರ್ಷದ ಮೇಲೆ, "ಬೇಕಿದ್ರೆ ತಗೊಂಡು ಹೋಗು, ಗುಜರಿಯವನೂ ಮುಟ್ತಿಲ್ಲ" ಅಂದ. ತಂಗಿ ಗಾಡಿ ತಂದು ಹೇರಿಕೊಂಡು ಹೋದಳು.

ಅವಳು ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯುವವಳು. ಹದಿನಾಲ್ಕು ವರ್ಷ ಪಳಗಿದ ಕೈ. ಅಪ್ಪನ ನೆನಪಿಗೆ ದುರಸ್ತಿ ಮಾಡುತ್ತಿದ್ದಾಳೆ ಅಂದುಕೊಂಡ ಅಕ್ಕಪಕ್ಕದವರಿಗೆ ಅವಳ ಹೊಟ್ಟೆಯುರಿ ಗೊತ್ತಿರಲಿಲ್ಲ. ದೋಣಿ ಫಳಫಳ ಹೊಳೆಯಬೇಕು, ಅಣ್ಣ ಬಾಯಿ ಬಾಯಿ ಬಿಡಬೇಕು, ಹತ್ತಲು ಕಾಲೆತ್ತಬೇಕು. ಆಗ "ನಿನಗೆ ಜಾಗ ಇಲ್ಲ" ಅನ್ನಬೇಕು. ಆ ಒಂದು ಮಾತಿಗಾಗಿ ಮೂರು ತಿಂಗಳ ಭಾನುವಾರಗಳನ್ನೆಲ್ಲ ಸುರಿದಳು. ಕಲ್ಲಾಗಿದ್ದ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದಳು. ಜರಡಿಯಾಗಿದ್ದ ತಳಕ್ಕೆ ಹೊಸ ತಗಡು ಕತ್ತರಿಸಿದಳು. ಅಣ್ಣ ಕೂರುತ್ತಿದ್ದ ಮುಂದಿನ ಹಲಗೆ ಕಿತ್ತು, ಅಲ್ಲಿ ಮೀನಿನ ಪೆಟ್ಟಿಗೆ ಕೂರಿಸಿದಳು. ಮೀನಿಗೆ ಸೀಟುಂಟು, ಅಣ್ಣನಿಗಿಲ್ಲ.

ಆದರೆ ತಳದ ತಗಡು ಜೋಡಿಸುವಾಗ ಕೈ ಕಟ್ಟಿಹಾಕಿದಂತಾಯಿತು. ನೀರಿನಡಿಯ ಜೋಡಣೆಗೆ ಗಟ್ಟಿ ರಿವೆಟ್ಟೇ ಆಗಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಹೊಡೆಯುವಾಗ ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿಯನ್ನು ರಿವೆಟ್ಟಿನ ತುದಿಗೆ ಒತ್ತಿ ಹಿಡಿಯಬೇಕು. ಕೂದಲೆಳೆಯಷ್ಟು ಜರುಗಿದರೂ ಆ ರಿವೆಟ್ ಸೋರುತ್ತದೆ. ಶೆಡ್ಡಿನ ಜೊತೆಗಾತಿ ಹೆರಿಗೆಗೆ ಹೋಗಿದ್ದಳು. ಉಳಿದವರು ಭಾನುವಾರ ಫೋನೇ ಎತ್ತುವುದಿಲ್ಲ. ಅಂಥ ಹೊತ್ತಿಗೆ ಸರಿಯಾಗಿ ಅಣ್ಣ ಬಂದ.

"ಏನೇ ಇದು, ಬೆಳ್ಳಿ ತಟ್ಟೆ ಮಾಡ್ಬಿಟ್ಟಿದ್ದೀಯಲ್ಲೇ ನಮ್ಮ ದೋಣೀನ!"

'ನಮ್ಮ' ಅಂದದ್ದು ಕೇಳಿ ಅವಳ ಮೈಯೆಲ್ಲ ಉರಿಯಿತು. ಆದರೂ ಕಬ್ಬಿಣದ ಗಟ್ಟಿಯನ್ನು ಅವನ ಕೈಗಿಟ್ಟಳು.

"ಒಳಗೆ ಹೋಗಿ ಒತ್ತಿ ಹಿಡ್ಕೋ."

"ಮುಂದಿನ ಹಲಗೆ ಎಲ್ಲೇ?"

"ಅದೆಲ್ಲ ಆಮೇಲೆ. ಮೊದ್ಲು ಹಿಡಿ."

ಮಗ್ಗುಲಾಗಿ ನಿಲ್ಲಿಸಿದ್ದ ದೋಣಿಯೊಳಗೆ ಅವನು ಮೈ ಮುದುಡಿ ನುಸುಳಿದ. ಅರವತ್ತೆರಡು ರಿವೆಟ್. ಅವನ ಕಿವಿ ಗುಂಯ್ ಅನ್ನಲಿ ಎಂದು ಅವಳು ಕೆಲಸಕ್ಕೆ ಬೇಕಿಲ್ಲದ ಏಟುಗಳನ್ನೂ ನಡುನಡುವೆ ಸೇರಿಸಿದಳು. ಬಿಸಿಲಿಗೆ ತಗಡು ಕಾದಿತ್ತು. ಅವನು ಒಂದು ಸಲವೂ ಸಾಕು ಅನ್ನಲಿಲ್ಲ. ಪ್ರತಿ ರಿವೆಟ್ ಆದ ಮೇಲೂ ಒಳಗಿನಿಂದ ಒಂದೇ ಪ್ರಶ್ನೆ: "ನಾನು ಅಲ್ಲಾಡ್ಲಿಲ್ಲ ತಾನೇ?" ಸಂಜೆ ಹೊರಬಂದಾಗ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಒಳ್ಳೆಯದೇ ಆಯಿತು ಅಂದುಕೊಂಡಳು.

ಮಾರನೆಯ ಬೆಳಗ್ಗೆ ದೋಣಿ ನೀರಿಗಿಳಿಯಿತು, ಅವಳು ಹತ್ತಿ ಹುಟ್ಟು ಹಿಡಿದಳು. ಅಣ್ಣ ಆಗಲೇ ಪ್ಯಾಂಟು ಮಡಚಿಕೊಂಡು, ಅಂಗೈಗೆ ಬಟ್ಟೆ ಸುತ್ತಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಯುತ್ತಿದ್ದ.

"ಹೊರಡೋಣ್ವಾ?"

"ಹೊರಡೋಣ ಅಲ್ಲ, ಅಣ್ಣ. ಹೊರಡ್ತೀನಿ. ನಿನಗೆ ಜಾಗ ಇಲ್ಲ."

ಅವನು ಮೀನಿನ ಪೆಟ್ಟಿಗೆ ನೋಡಿದ, ಅವಳ ಮುಖ ನೋಡಿದ. ಹತ್ತಲು ಎತ್ತಿದ್ದ ಕಾಲನ್ನು ಮೆಲ್ಲಗೆ ನೀರಿಗೆ ಇಳಿಸಿದ. ಜಗಳವಾಡುತ್ತಾನೆ ಅಂದುಕೊಂಡು ಅವಳು ಇನ್ನೂ ಹತ್ತು ಮಾತು ಮಸೆದಿಟ್ಟುಕೊಂಡಿದ್ದಳು. ಅವನು ದೋಣಿಯ ಹಿಂಬದಿಗೆ ಕೈಕೊಟ್ಟು ಮುಂದಕ್ಕೆ ತಳ್ಳಿದ.

"ಸೋರಿದ್ರೆ ಕೂಗೇ. ಇಲ್ಲೇ ಇರ್ತೀನಿ."

'ಜಾಗ ಇಲ್ಲ' ಅನ್ನುವ ಮಾತು ಆಡಿಯಾಗಿತ್ತು, ಮೊದಲ ಹತ್ತು ಸಲ ಹುಟ್ಟು ಹಾಕುವವರೆಗೆ ಅದು ಸಕ್ಕರೆಯಷ್ಟು ಸಿಹಿಯಾಗಿತ್ತು. ಆಮೇಲೆ ಹುಟ್ಟು ಒಳಗಿಟ್ಟು, ಬಗ್ಗಿ, ತಳವನ್ನು ಅಂಗೈಯಿಂದ ಸವರಿದಳು. ಒಂದು, ಎರಡು, ಮೂರು... ಅರವತ್ತೆರಡೂ ಒಣಗಿದ್ದವು. ತಿರುಗಿ ನೋಡಿದರೆ ಅವನು ಅಲ್ಲೇ ನಿಂತಿದ್ದ. ಮತ್ತೆ ಮೊದಲಿನಿಂದ ಸವರತೊಡಗಿದಳು. ದರಿದ್ರದ್ದು, ಒಂದಾದರೂ ಸೋರಿದ್ದರೆ ಅವನಿಗೆ ಬೈಯುತ್ತಲಾದರೂ ದಡಕ್ಕೆ ಹಿಂತಿರುಗಬಹುದಿತ್ತು.