ಹಸಿ ಮುಖ

ಅಪ್ಪ ಟಿ.ವಿ. ರಿಪೇರಿಯಲ್ಲಿ ದೊಡ್ಡ ಹೆಸರು ಮಾಡಿದವನು. ಕಸುಬಿನವರೆಲ್ಲ ಅವನನ್ನು ಬಣ್ಣದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಎಂಥ ಹಳೇ ಸೆಟ್ಟಾದರೂ ಅವನ ಕೈಗೆ ಬಿದ್ದರೆ ಪರದೆಯ ಮೇಲಿನ ಮುಖಗಳಲ್ಲಿ ರಕ್ತ ಹರಿಯುತ್ತದೆ ಎಂಬ ಮಾತಿತ್ತು. ಮಾತು ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಕಾಣದೇ ಇದ್ದವನು ಅಪ್ಪ ಒಬ್ಬನೇ. ಅವನಿಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುತ್ತಿರಲಿಲ್ಲ.

ಅದು ಹುಟ್ಟಿನಿಂದ ಬಂದದ್ದು. ಹೊರಗಿನವರ ಮಾತು ಬಿಡಿ, ಮನೆಯೊಳಗೂ ಅದಕ್ಕೊಂದು ಹೆಸರಿರಲಿಲ್ಲ. ಹೊಸ ವೈರಿನ ಸುರುಳಿ ಬಂದ ಕೂಡಲೇ ಅಮ್ಮ ಕೆಂಪು ವೈರಿನ ತುದಿಗೆ ಒಂದು ಗಂಟು, ಹಸಿರಿಗೆ ಎರಡು ಗಂಟು ಹಾಕಿಡುತ್ತಿದ್ದಳು, ಅಷ್ಟೇ. ರೆಸಿಸ್ಟರುಗಳ ಮೈಮೇಲಿನ ಬಣ್ಣದ ಪಟ್ಟಿ ಓದಿ ಅಳತೆ ಹೇಳುವುದು ಈ ಕಸುಬಿನ ಮೊದಲ ಪಾಠ. ಅಪ್ಪ ಒಂದೊಂದನ್ನೂ ಮೀಟರಿಗೆ ಹಿಡಿದು ನೋಡುತ್ತಿದ್ದ. ಕಲಿಯಲು ಬಂದವರಿಗೆ, ಕಣ್ಣನ್ನು ನಂಬಬೇಡಿ, ಮೀಟರನ್ನು ನಂಬಿ ಎನ್ನುತ್ತಿದ್ದ. ಅವರು ಅದನ್ನು ಶ್ರದ್ಧೆ ಎಂದುಕೊಂಡು ತಲೆದೂಗುತ್ತಿದ್ದರು.

ಬಣ್ಣ ಹೊಂದಿಸುವುದಕ್ಕೆ ಮಾತ್ರ ಮೀಟರು ಸಾಲದು. ಪಿಕ್ಚರ್ ಟ್ಯೂಬಿನ ಹಿಂದೆ ಮೂರು ಚಿಕ್ಕ ತಿರುಪುಗಳಿರುತ್ತವೆ: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಹಿಂದೆ ಕೂತು ಅವನ್ನು ತಿರುಗಿಸಬೇಕು, ಮುಂದೆ ಏನಾಯಿತೆಂದು ನೋಡಬೇಕು. ಉಳಿದ ರಿಪೇರಿಯವರು ಸೆಟ್ಟಿನ ಎದುರಿಗೆ ಒಂದು ಕನ್ನಡಿ ನಿಲ್ಲಿಸಿಕೊಳ್ಳುತ್ತಿದ್ದರು. ನಮ್ಮ ಅಂಗಡಿಯಲ್ಲಿ ಕನ್ನಡಿ ಇರಲಿಲ್ಲ, ಅಮ್ಮ ಇದ್ದಳು. ಅಂಗಡಿಯ ಹಿಂಬಾಗಿಲು ತೆರೆದರೆ ನೇರ ಅಡುಗೆಮನೆ. ಅಪ್ಪ "ಬಾರೇ" ಎಂದು ಕೂಗಿದರೆ ಅಮ್ಮ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು.

ಅವಳಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿದ್ದದ್ದು ಅಡುಗೆಮನೆಯ ಮಾತು. ಪರದೆಯ ಮೇಲಿನ ಮುಖ ಹಸಿರಿಗೆ ತಿರುಗಿದ್ದರೆ "ಹಸಿ" ಎನ್ನುತ್ತಿದ್ದಳು. ಕೆಂಪು ಜಾಸ್ತಿಯಾದರೆ "ಸೀದಿದೆ". ನೀಲಿ ಏರಿದರೆ "ತಂಗಳು". ಹಸಿ, ಇನ್ನೂ ಹಸಿ, ಸ್ವಲ್ಪ ಬೆಂತು, ಅಯ್ಯೋ ಸೀದೇ ಹೋಯ್ತು, ಹಿಂದೆ ಬನ್ನಿ, ಹಾಂ, ಹದ. ಹದ ಎಂದಳೆಂದರೆ ಅಪ್ಪ ಅಲ್ಲಿಗೆ ಕೈ ತೆಗೆಯುತ್ತಿದ್ದ. ಮೇಷ್ಟ್ರಿಗೆ ಹೆಂಡತಿ ಎದುರಿಗಿಲ್ಲದಿದ್ದರೆ ಕೈಯೇ ಓಡುವುದಿಲ್ಲ ಎಂದು ಗಿರಾಕಿಗಳು ರೇಗಿಸುತ್ತಿದ್ದರು. ಅಪ್ಪನೂ ಅವರ ಜೊತೆ ಸೇರಿ ನಗುತ್ತಿದ್ದ. ಅಷ್ಟು ಹೊತ್ತಿಗೆ ಅಮ್ಮ ಒಲೆಯ ಹತ್ತಿರ ಹೋಗಿರುತ್ತಿದ್ದಳು.

ಜ್ವರ ಬಂದಾಗಲೂ ಅವಳು ಆ ಸ್ಟೂಲಿನ ಮೇಲೆ ಕೂತಿದ್ದಾಳೆ. ನಾನು ಹುಟ್ಟುವ ದಿನವೂ ಕೂತಿದ್ದಳಂತೆ. ನೋವು ಶುರುವಾದ ಮೇಲೂ ಹದ ಹೇಳಿಯೇ ಎದ್ದದ್ದು ಎಂದು ದೊಡ್ಡಮ್ಮ ಇವತ್ತಿಗೂ ಹೇಳುತ್ತಾಳೆ. ಒಟ್ಟು ಮೂವತ್ತೈದು ವರ್ಷ. ಅಮ್ಮ ಸತ್ತಾಗ ಕಸುಬಿನವರೆಲ್ಲ ಬಂದು ಅಪ್ಪನ ಕೈ ಹಿಡಿದುಕೊಂಡು, ಇನ್ನು ನಿಮ್ಮ ಊಟ ತಿಂಡಿಗೆ ತೊಂದರೆಯಾಯಿತಲ್ಲ ಮೇಷ್ಟ್ರೇ ಎಂದು ಮರುಗಿದರು. ನಾನು ಬಾಗಿಲ ಹಿಂದೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಅಮ್ಮ ಹೋದ ಮೂರನೇ ವರ್ಷ ರಿಪೇರಿಯವರ ಸಂಘದ ಕಾರ್ಯದರ್ಶಿ ಫೋನ್ ಮಾಡಿದ. ತಾಂತ್ರಿಕ ಶಾಲೆಯಲ್ಲಿ ಹಳೇ ಯಂತ್ರಗಳನ್ನಿಡಲು ಒಂದು ಹಾಲ್ ಕೊಟ್ಟಿದ್ದಾರೆ, ನಿಮ್ಮ ಮನೆಯ ಕನ್ಸೋಲ್ ಕಲರ್ ಟಿ.ವಿ.ಯನ್ನು ಸರಿಮಾಡಿ ಕೊಟ್ಟರೆ ನಟ್ಟನಡುವೆ ಅದನ್ನೇ ಇಡುತ್ತೇವೆ, ಮೇಷ್ಟ್ರ ಹೆಸರಿನ ಫಲಕ ಹಾಕುತ್ತೇವೆ ಎಂದ. ಅಪ್ಪನಿಗೆ ಆಗ ಎಂಬತ್ತೊಂದು. ಫೋನಿಟ್ಟವನೇ ಎದ್ದು ಹೋಗಿ, ಹದಿನೈದು ದಿನದ ಗಡ್ಡ ಹೆರೆದುಕೊಂಡು ಬಂದ.

ಆ ಕನ್ಸೋಲ್ ನಮ್ಮ ನಡುಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಟ್ಟು ಕೂತಿತ್ತು. ಟಿ.ವಿ. ಎನ್ನುವುದಕ್ಕಿಂತ ಬೀರು ಎನ್ನಬಹುದು: ನಾಲ್ಕು ಕಾಲು, ಮರದ ಮೈ, ಪಕ್ಕಕ್ಕೆ ಎಳೆದರೆ ಮಡಚಿಕೊಳ್ಳುವ ಬಾಗಿಲು, ಸ್ಪೀಕರಿನ ಮೇಲೆ ಜರಿಯಂಥ ಬಟ್ಟೆ. ಇಸ್ತ್ರಿ ಆಗದ ಬಟ್ಟೆ, ಔಷಧಿ ಬಾಟಲಿ, ಹಳೇ ಪೇಪರು ಎಲ್ಲ ಅದರ ತಲೆಯ ಮೇಲೆ. ನಾನು ಅದೆಲ್ಲವನ್ನೂ ಇಳಿಸಿ ಹಿಂದಿನ ಹಲಗೆ ಬಿಚ್ಚಿದೆ. ಅಪ್ಪನ ಕೈ ನಡುಗುತ್ತದೆ. ಅಂಗಡಿ ಈಗ ಮಗಳಾದ ನನ್ನದು, ಚಾರ್ಜರು, ಮಿಕ್ಸರು ರಿಪೇರಿ ಮಾಡಿಕೊಂಡು ದಿನ ತಳ್ಳುತ್ತೇನೆ.

ಒಳಗೆ ಇಲಿ ಸಂಸಾರ ಹೂಡಿ, ಅರ್ಧ ವೈರಿಂಗ್ ತಿಂದು, ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಬ್ರಷ್ ಹಿಡಿದು ಧೂಳು ತೆಗೆಯುವುದಕ್ಕೇ ಎರಡು ದಿನ ಬೇಕಾಯಿತು. ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದೆ. ಚಾನೆಲ್ ಬದಲಿಸುವ ತಿರುಗುಣಿಯ ಹಿಂದೆ ಕಪ್ಪಾಗಿದ್ದ ತಗಡುಗಳನ್ನು ಒಂದೊಂದಾಗಿ ಉಜ್ಜಿದೆ. ಎದ್ದುಬಂದಿದ್ದ ಮರದ ಪದರಕ್ಕೆ ಅಂಟು ಹಚ್ಚಿ, ಮೇಲೆ ಇಟ್ಟಿಗೆ ಹೇರಿ ಒಣಗಲು ಬಿಟ್ಟೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಆ ಬೆಸುಗೆ ಸರಿಯಾಗಿ ಹಿಡಿದಿಲ್ಲ, ಇನ್ನೊಂದು ಸಲ ಕಾಯಿಸು ಎಂದು ಜೀವ ತಿನ್ನುತ್ತಿದ್ದ. ಸುಳ್ಳು ಯಾಕೆ ಹೇಳಲಿ, ಅವನು ಬೊಟ್ಟು ಮಾಡಿದ ಒಂದು ಬೆಸುಗೆಯೂ ಸರಿಯಾಗಿರಲಿಲ್ಲ.

ಐದನೇ ವಾರ ಕರೆಂಟ್ ಕೊಟ್ಟು ನೋಡಿದೆವು. ನೇರವಾಗಿ ಕೊಟ್ಟರೆ ಒಳಗೆ ಏನಾದರೂ ಸುಟ್ಟೀತೆಂದು ಮೊದಲು ನಡುವೆ ಒಂದು ಬಲ್ಬು ಸೇರಿಸಿದ್ದೆ. ಬಲ್ಬು ಝಗ್ಗೆಂದು ಹತ್ತಿ ಮಂಕಾಯಿತು. ಅಂದರೆ ಎಲ್ಲೂ ಶಾರ್ಟ್ ಇಲ್ಲ. ಬಲ್ಬು ತೆಗೆದು ನೇರ ಕೊಟ್ಟೆ. ಪರದೆಯ ಮೇಲೆ ಬೆಳಕು ನಿಧಾನಕ್ಕೆ ಮೂಡಿ ಅಂಚಿನವರೆಗೂ ಹರಡಿತು. ಅಪ್ಪ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಆ ಗಳಿಗೆಯಲ್ಲಿ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಗಿ ಖುಷಿಯೇ ಆಯಿತು.

ಆ ಖುಷಿಯಲ್ಲೇ ಕೇಳಿಬಿಟ್ಟೆ. ಫಲಕದಲ್ಲಿ ಏನು ಬರೆಸಬೇಕೆಂದು ಕಾರ್ಯದರ್ಶಿ ವಿಚಾರಿಸಿದ್ದ. ನಿನ್ನ ಹೆಸರಿನ ಪಕ್ಕ ಅಮ್ಮನ ಹೆಸರೂ ಹಾಕಿಸೋಣ ಎಂದೆ. ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ ಅಪ್ಪ ನನ್ನ ಮುಖ ನೋಡಿದ.

"ಅವಳ ಹೆಸರು ಯಾಕೆ? ಅವಳೇನು ಮಾಡಿದ್ಲು?"

ಬಣ್ಣ ಹೇಳಿದ್ದು ಅವಳಲ್ಲವೇ ಎಂದೆ.

"ಸ್ಟೂಲ್ ಮೇಲೆ ಕೂತಿದ್ಲು, ಅಷ್ಟೇ. ತಿರುಪು ತಿರುಗಿಸಿದ್ದು ನನ್ನ ಕೈ."

ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತೈದು ವರ್ಷ ಅವಳ ಕಣ್ಣಿನಲ್ಲೇ ನೋಡಿದವನು ಆಡುವ ಮಾತೇ ಇದು? ಆಗಲೇ ನಾಲ್ಕು ಮಾತು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಳಗೇ ಇಟ್ಟುಕೊಂಡೆ.

ಆ ಮೂರು ತಿರುಪುಗಳನ್ನು ಮಾತ್ರ ಅಪ್ಪ ನನ್ನ ಕೈಗೆ ಬಿಡಲಿಲ್ಲ. ಸಂಘದವರು ಸೆಟ್ಟನ್ನು ಒಯ್ಯಲು ಬರುವ ದಿನ ಬೆಳಿಗ್ಗೆ ಪ್ಲಾಸ್ಟಿಕ್ಕಿನ ಸ್ಕ್ರೂಡ್ರೈವರ್ ಹಿಡಿದು ಹಿಂದೆ ಕೂತ. ಕೈ ನಡುಗದಿರಲೆಂದು ಮೊಣಕೈಯನ್ನು ಮಂಡಿಗೆ ಆನಿಸಿಕೊಂಡ. ಆಮೇಲೆ "ಬಾರೇ" ಎಂದು ಕೂಗಿದ. ನಾನು ಹೋಗಿ ಸ್ಟೂಲಿನ ಮೇಲೆ ಕೂತೆ.

ಈಗಿನ ಪ್ರಸಾರವನ್ನು ಆ ಸೆಟ್ಟು ಹಿಡಿಯುವುದಿಲ್ಲ. ಅದಕ್ಕೆಂದು ಹಳೆಯ ಒಂದು ಕ್ಯಾಸೆಟ್ಟು ಹುಡುಕಿ ತೆಗೆದಿದ್ದೆ. ಸೋದರಮಾವ ಕ್ಯಾಮೆರಾ ಕೊಂಡ ಹೊಸದರಲ್ಲಿ ನಮ್ಮ ಮನೆಯಲ್ಲಿ ತೆಗೆದದ್ದು. ಅದರಲ್ಲಿ ಅಮ್ಮ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿರುತ್ತಾಳೆ. ಕ್ಯಾಮೆರಾ ಹತ್ತಿರ ಬಂದಾಗ ಕೈ ಅಡ್ಡ ಹಿಡಿದು, ಹೋಗೋ ಆಚೆ, ನಿಂಗೆ ಬೇರೆ ಕೆಲಸ ಇಲ್ವಾ ಎಂದು ನಗುತ್ತಾಳೆ. ಆ ಎರಡು ನಿಮಿಷವೇ ಮತ್ತೆ ಮತ್ತೆ ಬರುವಂತೆ ಒಂದು ಸಣ್ಣ ಪ್ಲೇಯರಿಗೆ ತುಂಬಿಸಿದ್ದೆ. ಫಲಕದಲ್ಲಿ ಹೆಸರಿಲ್ಲದಿದ್ದರೆ ಹಾಳಾಗಲಿ, ಪರದೆಯ ಮೇಲೆ ಅವಳ ಮುಖವಾದರೂ ಇರಲಿ ಎಂದು. ಅಪ್ಪ ಬೇಡ ಎನ್ನಲಿಲ್ಲ.

ಮುಖ ಮೊದಲಿಗೆ ಸೀದಿತ್ತು. ಹಾಗೆಂದೆ. ಅಪ್ಪ ಕೆಂಪು ಇಳಿಸಿ ಹಸಿರು ಏರಿಸುತ್ತ ಬಂದ. ನೀಲಿಯನ್ನು ಅಷ್ಟಿಷ್ಟು ಸರಿಮಾಡಿದ. ಒಂದು ಹಂತದಲ್ಲಿ ಅಮ್ಮ ಇದ್ದ ಹಾಗೇ ಕಂಡಳು, ಬಿಸಿಲಿಗೆ ಕಂದಿದ ಕೆನ್ನೆ, ಕೂದಲಿಗೆ ಅಂಟಿದ ಬೆವರು, ಎಲ್ಲ. ಆಗ ಹದ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಇನ್ನೂ ಸೀದಿದೆ ಎಂಬ ಮಾತು. ಅಪ್ಪ ಹಸಿರು ಏರಿಸಿದ. ಇನ್ನೂ ಎಂದೆ. ಇನ್ನೂ ಏರಿಸಿದ. ಅಮ್ಮನ ಕೆನ್ನೆ ಹಸಿರಾಯಿತು, ನಗುವಾಗ ಕಾಣುವ ಹಲ್ಲುಗಳೂ ಪಾಚಿ ಕಟ್ಟಿದ ಹಾಗಾದವು.

"ಹದ" ಎಂದೆ.

ಅಪ್ಪ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಹಲಗೆ ಕೂರಿಸಿದ.

ನಾನು ಅಂದುಕೊಂಡದ್ದು ಇಷ್ಟೇ. ಸಂಘದವರು ನೋಡಿ, ಇದೇನು ಮೇಷ್ಟ್ರೇ, ಮುಖ ಹಸಿರಾಗಿದೆಯಲ್ಲ ಎನ್ನುತ್ತಾರೆ. ಅಪ್ಪ ತಬ್ಬಿಬ್ಬಾಗುತ್ತಾನೆ. ಆಗ ನಾನು ಬಾಯಿಬಿಡುತ್ತೇನೆ: ಇವನಿಗೆ ಕಾಣುವುದಿಲ್ಲ, ಯಾವತ್ತೂ ಕಂಡಿಲ್ಲ, ಕಂಡವಳು ಇಗೋ ಇವಳು. ಆ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಇಟ್ಟುಕೊಂಡಿದ್ದೆ.

ಕಾರ್ಯದರ್ಶಿ ಬಂದ, ತಾಂತ್ರಿಕ ಶಾಲೆಯ ಶಿಕ್ಷಕ ಬಂದ, ಎತ್ತಲು ಇಬ್ಬರು ಬಂದರು. ಸೆಟ್ಟು ಹಾಕಿ ತೋರಿಸಿದೆ. ಕಾರ್ಯದರ್ಶಿಯ ಹುಬ್ಬು ಗಂಟಾದದ್ದನ್ನು ನಾನು ನೋಡಿದೆ. ಅವನು ಶಿಕ್ಷಕನ ಕಡೆ ತಿರುಗಿದ. ಶಿಕ್ಷಕ ತನ್ನ ಬೂಟು ನೋಡಿಕೊಂಡ. ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಸೆಟ್ಟನ್ನು ಬಿಟ್ಟು ಅವರ ಮುಖಗಳನ್ನೇ ಒಂದಾದ ಮೇಲೊಂದು ನೋಡುತ್ತ ನಿಂತಿದ್ದ.

"ಕಲರ್ ಅಂದ್ರೆ ಇದು ಮೇಷ್ಟ್ರೇ," ಎಂದ ಕಾರ್ಯದರ್ಶಿ. "ಈಗಿನ ಟಿ.ವಿ.ಗಳಲ್ಲಿ ಎಲ್ಲಿ ಬರುತ್ತೆ?"

ಹಳೇ ಸೆಟ್ಟುಗಳ ಬಣ್ಣದಲ್ಲಿ ಒಂದು ತಂಪಿರುತ್ತದೆ ಎಂದು ಶಿಕ್ಷಕ ದನಿಗೂಡಿಸಿದ. ಸರಿಯಾಗಿ ನೋಡಿ, ಮುಖ ಹೇಗಿದೆ ಎಂದು ನಾನು ಕೇಳಿದೆ. ಮೇಷ್ಟ್ರ ಕೈ ಬಿದ್ದ ಮೇಲೆ ನೋಡುವುದೇನಿದೆ ಎಂದು ಕಾರ್ಯದರ್ಶಿ ನನಗೇ ಬುದ್ಧಿ ಹೇಳಿದ. ನಾಲ್ಕು ಜನ ಕಂಡದ್ದನ್ನು ಕಂಡಿಲ್ಲ ಎನ್ನುವಾಗ ನಾನು ಯಾರ ಕುರುಡನ್ನು ಎತ್ತಿ ಆಡಲಿ? ಅವರು ಸೆಟ್ಟಿಗೆ ಕಂಬಳಿ ಸುತ್ತಿ, ಹೊತ್ತುಕೊಂಡು ಹೋದರು.

ವ್ಯಾನು ತಿರುವು ದಾಟಿದ ಮೇಲೆ ಅಪ್ಪ ಮೆಲ್ಲಗೆ ಹೇಳಿದ.

"ಹಸಿರು ಮುಕ್ಕಾಲು ಸುತ್ತು ಜಾಸ್ತಿ ಏರಿದೆ. ಅಷ್ಟು ಯಾವ ಟ್ಯೂಬಿಗೂ ಬೇಕಾಗಲ್ಲ."

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಸರಿಯಾಗಿ ನೋಡು ಎಂದು ನನಗೆ ಗದರಬಹುದಿತ್ತಲ್ಲ ಎಂದೆ.

"ಹೇಗೆ ಗದರ್ಲಿ? ನೀನು ಹದ ಅಂದೆ. ಅಲ್ಲ ಅನ್ನೋಕೆ ನನಗೆ ಕಾಣಬೇಕಲ್ಲ." ಆಮೇಲೆ ಸೇರಿಸಿದ, "ಅವಳು ಒಂದು ದಿನಾನೂ ಸುಳ್ಳು ಹೇಳಿದವಳಲ್ಲ."

ನನ್ನ ಮೂವತ್ತೇಳು ವರ್ಷದಲ್ಲಿ ತನಗೆ ಕಾಣುವುದಿಲ್ಲ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಕೇಳಬೇಕೆಂದು ಕಾದದ್ದು ಅದೇ ಮಾತು. ಕೇಳಿದ ಮೇಲೆ ಎಲ್ಲಿಯಾದರೂ ಹೋಗಿ ಬಚ್ಚಿಟ್ಟುಕೊಳ್ಳೋಣ ಎನಿಸಿತು. ಆದರೂ ಬಿಡದೆ, ಇದನ್ನೇ ಅವರ ಎದುರು ಹೇಳು, ಈಗಲೇ ಫೋನ್ ಮಾಡುತ್ತೇನೆ, ಅಮ್ಮನ ಮುಖವನ್ನು ಸರಿಮಾಡಿಸೋಣ ಎಂದೆ. ಅಪ್ಪ ಒಳಕ್ಕೆ ತಿರುಗಿದ.

"ಅವರಿಗೇ ಅದು ಬೇಕಿಲ್ಲ," ಎಂದ. "ಹಾಗೇ ಇರ್ಲಿ ಬಿಡು."

ಮರುದಿನ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ನಾನೊಬ್ಬಳೇ ಶಾಲೆಗೆ ಹೋದೆ. ಕನ್ಸೋಲಿನ ಸುತ್ತ ಆಗಲೇ ಗಾಜು ನಿಲ್ಲಿಸಿದ್ದರು. ಫಲಕದಲ್ಲಿ ಅಪ್ಪನ ಹೆಸರಿತ್ತು, ಕೆಳಗೆ ಬಣ್ಣದ ಮೇಷ್ಟ್ರು ಎಂದು ದಪ್ಪಕ್ಷರ. ಐದು ನಿಮಿಷದ ಕೆಲಸ, ಗಾಜು ತೆಗೆಯಿರಿ ಎಂದು ಶಿಕ್ಷಕನನ್ನು ಕೇಳಿದೆ. ಮೇಷ್ಟ್ರು ಕೈಯಾರೆ ಹೊಂದಿಸಿದ ಸೆಟ್ಟನ್ನು ಯಾರೂ ಮುಟ್ಟಬಾರದೆಂದು ಸಂಘದ ತೀರ್ಮಾನವಾಗಿದೆ ಎಂದ. ಆಗ ಎಲ್ಲ ಹೇಳಿಬಿಟ್ಟೆ: ಅಪ್ಪನ ಕಣ್ಣಿನ ವಿಷಯ, ಅಮ್ಮನ ಸ್ಟೂಲು, ನಾನು ಹೇಳಿದ ಸುಳ್ಳು. ಅವನು ಮೊದಲು ನಕ್ಕ. ಆಮೇಲೆ ದನಿ ತಗ್ಗಿಸಿ, ಮನೆಯ ಜಗಳ ಏನೇ ಇದ್ದರೂ ಹೆತ್ತ ತಂದೆಯ ಬಗ್ಗೆ ಹೊರಗೆ ಹೀಗೆಲ್ಲ ಆಡಬಾರದಮ್ಮ ಎಂದು ಹೇಳಿ ತರಗತಿಗೆ ಹೋದ.

ಹಾಲಿನಲ್ಲಿ ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದುಕೊಂಡು ಗಾಜಿನ ಮುಂದೆ ನಿಂತಿದ್ದಳು. ಒಳಗೆ ಅಮ್ಮ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಮೂಗು, ಕೆನ್ನೆ, ಕತ್ತು ಎಲ್ಲ ಹಸಿರು. ಆಕೆ ನನ್ನ ಕಡೆ ತಿರುಗಿ ಕೇಳಿದಳು.

"ಇವರಿಗೆ ಹುಷಾರಿರಲಿಲ್ವಾ?"

"ಚೆನ್ನಾಗೇ ಇದ್ಲು," ಎಂದೆ. "ಹೀಗೆ ಮಾಡಿದ್ದು ನಾನು."

ಆಕೆಗೆ ಅರ್ಥವಾಗಲಿಲ್ಲ. ಗಾಜಿನ ಬುಡದಲ್ಲಿದ್ದ ಧೂಳನ್ನು ಒಟ್ಟು ಮಾಡಿಕೊಂಡು ಮುಂದಕ್ಕೆ ಗುಡಿಸುತ್ತ ಹೋದಳು.