ನಡುಹೊಳೆಯ ಉಡಿ

ಹಿಂದಕ್ಕೆ, ಹೊಳೆಗೆ ಸೇತುವೆಯ ಹೆಸರೇ ಗೊತ್ತಿರದ ಕಾಲದಲ್ಲಿ, ಒಬ್ಬ ಹುಡುಗಿ ಇದ್ದಳಂತೆ. ಮಳೆಗಾಲದ ಮೊದಲ ನಾವೆಯಲ್ಲಿ ಹೊಳೆಗೆ ಉಡಿ ತುಂಬಲು ಹೊರಟವಳು. ನಡುನೀರಿನಲ್ಲಿ ಸುಳಿ ಎದ್ದಿತು, ನಾವೆ ಮುಳುಗಿತು. ನೀರು ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು, ಅವಳು ಮಾತ್ರ ಉಡಿ ಬಿಡಲಿಲ್ಲ. ಅದನ್ನು ಕಂಡು ಹೊಳೆಗೇ ನಾಚಿಕೆಯಾಗಿ, ಅವಳನ್ನು ಎತ್ತಿ ದಂಡೆಯ ಮೇಲೆ ಕೂರಿಸಿತಂತೆ.

ಅನ್ನವ್ವ ಈ ಕಥೆಯನ್ನು ಮೊಮ್ಮಗಳು ರುತುಜಾಳಿಗೆ ಅದೆಷ್ಟು ಸಲ ಹೇಳಿದ್ದಳೋ. ಈಗ ರುತುಜಾ ಕಬನೂರಿನ ಮಗ್ಗದ ಕಾರ್ಖಾನೆಯಲ್ಲಿ ನೇಯ್ದ ಬಟ್ಟೆಯ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ. ಅಲ್ಲೂ ಅವಳ ಕಣ್ಣ ಮುಂದೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತ ಆ ಹುಡುಗಿಯೇ.

ಮಳೆ ಹಿಡಿದರೆ ಅವಳ ಊರು ಹಿರೇಮಳಿಯನ್ನು ಕೃಷ್ಣೆ ಎರಡೂ ಕಡೆಯಿಂದ ಸುತ್ತಿಕೊಳ್ಳುತ್ತದೆ, ಊರು ನಡುಗಡ್ಡೆಯಾಗುತ್ತದೆ. ಆಗ ಅಂಬಿಗ ಗುರುಸಿದ್ದ ಎರಡು ನಾವೆಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಮಂದಿಯನ್ನೂ ಮೋಟರ್‌ಸೈಕಲ್‌ಗಳನ್ನೂ ದಾಟಿಸುತ್ತಾನೆ. ಮೊದಲ ಸಲ ದಾಟುವಾಗ ಉಡಿಯ ಗಂಟನ್ನು ನೀರಿಗೆ ಬಿಟ್ಟು ಹೊಳೆಗೆ ಉಡಿ ತುಂಬುವುದು ಅನ್ನವ್ವನ ಮನೆಯ ಹಕ್ಕು. ಈ ವರ್ಷ ಅವಳ ಮೊಣಕಾಲು ಹೊಳೆಯ ಇಳಿಜಾರಿಗೆ ಒಪ್ಪಲಿಲ್ಲ.

“ನೀ ತುಂಬ್ತೀನಿ ಅಂತ ಮಾತ ಕೊಡು,” ಎಂದಿದ್ದಳು.

“ಕೊಟ್ಟೆ, ಆಯಿ.”

“ನಡುಹೊಳಿ ಬರೂತನಕ ಕೈ ಬಿಡಬ್ಯಾಡ. ಮೊದಲ ನಿನ್ನ ಲಕ್ಷ್ಯ ಎಲ್ಲೆರ ಇರತೈತಿ.”

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟ ರುತುಜಾ ಹಸಿರು ಖಣದ ಬಟ್ಟೆಯಲ್ಲಿ ಅಕ್ಕಿ, ಬಳೆ, ತೆಂಗಿನಕಾಯಿಯ ಉಡಿ ಕಟ್ಟಿಕೊಂಡು ನಾವೆ ಹತ್ತಿದಳು. ಗುರುಸಿದ್ದ ಎಲ್ಲರನ್ನೂ ತೂಕ ನೋಡಿ ಕೂರಿಸುತ್ತಿದ್ದ. ಬಲಕ್ಕೆ ಹಾಲು ಮಾರುವ ಶ್ರೇಣಿಕನ ಮೋಟರ್‌ಸೈಕಲ್, ಅದರ ಎರಡೂ ಬದಿಗೆ ಹಾಲಿನ ಕ್ಯಾನು. ಎಡಕ್ಕೆ ಎಂಟು ಮಂದಿ ಹೆಂಗಸರು.

“ರಾಜಮತಿ ಅಕ್ಕಾರ, ಎಡಕ್ಕ ಕೂಡ್ರಿ. ಕ್ಯಾನಿಗೆ ಸರಿಜೋಡಿ ಆಗ್ತೀರಿ.”

ರಾಜಮತಿ ಅನ್ನವ್ವನ ಓರಗೆಯವಳು, ಕಣ್ಣು ತೋರಿಸಲು ಕೊಲ್ಲಾಪುರಕ್ಕೆ ಹೊರಟಿದ್ದಳು. “ನನ್ನ ಕ್ಯಾನಿಗೆ ತೂಗ್ತಿ ಏನೋ? ಕೊಲ್ಲಾಪುರದ ಡಾಕ್ಟರ್ ಸೈತ ಇಷ್ಟ ಮರ್ಯಾದಿ ತೆಗ್ಯೂದಿಲ್ಲ.”

ನಾವೆ ತುಂಬ ನಗು. ಹೊಳೆ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ನಾವೆ ನಡುನೀರಿಗೆ ಬಂತು.

ಅನ್ನವ್ವ ಪ್ರತಿವರ್ಷ ನಾವೆಯ ನಡುವೆ ಕುಳಿತೇ ಉಡಿ ತುಂಬುತ್ತಿದ್ದಳು. ಅದು ರುತುಜಾಳಿಗೆ ನೆನಪಾಗಲಿಲ್ಲ. ಅವಳು ಕಥೆಯ ಹುಡುಗಿಯಂತೆ ಎದ್ದಳು, ಹರಿವಿಗೆ ಎದುರಾದ ಬಲಬದಿಯ ಅಂಚಿಗೆ, ಮೋಟರ್‌ಸೈಕಲ್ಲಿನ ಪಕ್ಕಕ್ಕೆ ಹೋಗಿ ನಿಂತಳು. ಉಡಿ ತುಂಬುವವಳನ್ನು ಮುಟ್ಟಿಕೊಂಡರೆ ಮುಟ್ಟಿದವರಿಗೂ ಆ ಪುಣ್ಯದಲ್ಲಿ ಪಾಲು. ಹಾಗಾಗಿ ಎಂಟೂ ಮಂದಿ ಒಮ್ಮೆಗೇ ಎದ್ದು ಅವಳತ್ತ ಕೈ ಚಾಚುತ್ತ ಬಂದರು.

“ಕೂಡ್ರಿ, ಕೂಡ್ರಿ ಅಂತೀನಿ—”

ಗುರುಸಿದ್ದನ ಮಾತು ಮುಗಿಯುವ ಮೊದಲೇ ಹಲಗೆ ಬಲಕ್ಕೆ ವಾಲಿತು. ಮೋಟರ್‌ಸೈಕಲ್ ಕ್ಯಾನುಗಳ ಸಮೇತ ಜಾರಿ ನೀರಿಗೆ ಬಿತ್ತು. ಅದರ ಹಿಂದೆಯೇ ರಾಜಮತಿ ಜಾರಿದಳು. ಜಾರುವಾಗ ಅವಳ ಕೈ ರುತುಜಾಳ ಎದೆಯ ಮುಂದೆಯೇ ಬಂತು. ಬಿಚ್ಚಿದ ಐದೂ ಬೆರಳು, ಮಣಿಕಟ್ಟಿನ ಬಳೆ, ಎಲ್ಲವನ್ನೂ ರುತುಜಾ ನೋಡಿದಳು. ಅವಳ ಎರಡೂ ಕೈ ಉಡಿಯನ್ನು ಬಿಗಿಹಿಡಿದೇ ಇದ್ದವು.

ಭಾರ ಇಳಿದದ್ದಕ್ಕೆ ನಾವೆ ತಾನಾಗಿ ನೆಟ್ಟಗಾಯಿತು, ಉಳಿದ ಹೆಂಗಸರು ನಡುವಿಗೆ ಸರಿದು ಕೂತರು. ಗುರುಸಿದ್ದ ಗಳ ಚಾಚಿದ. ರಾಜಮತಿ ಅದಕ್ಕೆ ಜೋತುಬಿದ್ದಳು, ಶ್ರೇಣಿಕ ತೋಳು ಹಿಡಿದು ಮೇಲೆಳೆದ.

ಕೆಂಪು ನೀರಿನ ಮೇಲೆ ಹಾಲು ಬೆಳ್ಳಗೆ ಹರಡುತ್ತಿತ್ತು. ರುತುಜಾ ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಿದ್ದಳು. ಕಥೆಯ ಹುಡುಗಿಯ ಪಕ್ಕದಲ್ಲಿ ಇನ್ನೊಬ್ಬರು ಮುಳುಗುತ್ತಿದ್ದರೇ? ಆಯಿ ಅದನ್ನು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ರಾಜಮತಿ ಕೆಮ್ಮಿ ಕೆಮ್ಮಿ ನೀರು ಉಗುಳಿದಳು. “ಕೈ ಯಾಕ ಕೊಡಲಿಲ್ಲ?”

“ಆಯಿ ಬಿಡಬ್ಯಾಡ ಅಂದಿದ್ದಳ್ರಿ, ಮಾವಶಿ.”

“ಅಕಿ ಉಡಿ ಬಿಡಬ್ಯಾಡ ಅಂದಾಳ. ನನ್ನ ಬಿಡು ಅಂದಿಲ್ಲ.”

ರುತುಜಾ ಹಲಗೆಯ ಮೇಲೆ ಕೂತಳು.

“ಹಿಂದಕ್ಕ ತಿರುಗಸ್ಲ್ಯಾ?” ಗುರುಸಿದ್ದ ಕೇಳಿದ.

“ಉಡಿ ತುಂಬಲಾರದ ಹೆಂಗ ತಿರುಗಸ್ತಿ? ನಾಳೆ ಅನ್ನವ್ವ ನನ್ನ ಜೀವಾ ತಿಂತಾಳ.” ರಾಜಮತಿಯ ಹಲ್ಲು ಕಟಕಟ ಎನ್ನುತ್ತಿದ್ದವು. “ಯಾರೂ ಏಳಬ್ಯಾಡ್ರಿ. ಕುಂತಲ್ಲೇ ಒಬ್ಬರಿಗೊಬ್ಬರು ಕೈ ಹಿಡೀರಿ. ನೀನೂ ಬಾ, ನಡುವ ಕೂಡು.”

ಹೆಂಗಸರು ಕೂತಲ್ಲಿಂದಲೇ ಕೈಗೆ ಕೈ ಕೊಟ್ಟರು. ಆ ಸಾಲಿನ ತುದಿಯಲ್ಲಿ ರಾಜಮತಿ. ರುತುಜಾ ತೆವಳುತ್ತ ಬಂದು ಎರಡು ನಾವೆಗಳ ನಡುವೆ ನೀರು ಕಾಣುವ ಸಂದಿಯ ಬಳಿ ಕೂತಳು. ಉಡಿಗೆ ಅಂಟಿಕೊಂಡಂತಿದ್ದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರಾಜಮತಿಯ ತೊಯ್ದ ಮಣಿಕಟ್ಟನ್ನು ಹಿಡಿದಳು. ಅದು ಜಾರುತ್ತಿತ್ತು. ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಆಮೇಲೆ ಎಡಗೈಯೊಂದರಿಂದಲೇ ಉಡಿಯನ್ನು ಹೊಳೆಗೆ ಬಿಟ್ಟಳು.