ಬೋರ್ಡಿನ ಕಾಲ ಬುಡದಲ್ಲಿ

ಶವದ ಗಾಡಿಯ ಹಿಂದಿನ ಬಾಗಿಲು ಎಷ್ಟು ತಳ್ಳಿದರೂ ಮುಚ್ಚಲೊಲ್ಲದು. ಹೂವಿನ ರಾಶಿ ಅಡ್ಡ ಬರುತ್ತಿತ್ತು.

"ಮೆಲ್ಲಗ್ರೋ, ಅವನಿಗೆ ನೋವಾಗುತ್ತೆ!" ಎಂದ ಡುಮ್ಮ, ಅಂದಮೇಲೆ ತಾನೇ ಬಾಯಿ ಮುಚ್ಚಿಕೊಂಡ. ಸತ್ತವನ ಜೊತೆ ಹೆದ್ದಾರಿ ಪಕ್ಕದ ಹುಲ್ಲು ಕೊಯ್ಯುತ್ತಿದ್ದವನು ಅವನು. ಇವತ್ತೂ ಕೆಲಸದ ಕಿತ್ತಳೆ ಜಾಕೀಟಲ್ಲೇ ಬಂದಿದ್ದ.

ಮಗಳು ಹೂಗಳನ್ನೇ ನೋಡಿದಳು. ಹಳದಿ, ನೀಲಿ. ಅಂಗಡಿಯವಲ್ಲ.

"ಎಲ್ಲಿಂದ ತಂದ್ರಿ ಮಾವ?"

"ನಿಮ್ಮಪ್ಪಂದೇ ಕಣಮ್ಮ, ರಸ್ತೆ ಪಕ್ಕದ್ದು! ಬೆಳಿಗ್ಗೆನೇ ಎಲ್ಲಾ ಕಿತ್ಕೊಂಡು, ಆಮೇಲೆ ಮಿಷನ್ ಹೊಡೆದು ಚೊಕ್ಕಟ ಮಾಡಿದ್ವಿ. ಅವನು ಕೊನೇ ಸಲ ಹೋಗೋ ದಾರಿ ಅಲ್ವಾ?"

"ಪೂರ್ತಿನಾ?"

"ಒಂದು ಕಡ್ಡೀನೂ ಬಿಟ್ಟಿಲ್ಲ."

ಅಳು ಬರಬೇಕಿತ್ತು. ಆಸ್ಪತ್ರೆಯಿಂದ ಫೋನ್ ಬಂದಾಗಲೂ ಬಂದಿರಲಿಲ್ಲ.

"ಚೆನ್ನಾಗಿದೆ ಮಾವ," ಅಂದಳು.

"ಒಂದು ಹನಿ ಕಣ್ಣೀರಿಲ್ಲ ನೋಡೇ ಇವಳಿಗೆ," ಅಂತ ಅತ್ತೆ ಪಕ್ಕದವಳ ಕಿವಿ ಕಚ್ಚಿದಳು.

*

ಜೇನುನೊಣಕ್ಕೆ ಕಾಡುಹೂ ಬೆಳೆಸಿ ನೋಡು ಅಂತ ಹೆದ್ದಾರಿ ಆಫೀಸಿನವರು ಅಪ್ಪನಿಗೆ ರಸ್ತೆಯಂಚಿನ ಒಂದು ಪಟ್ಟಿ ಜಾಗ ಕೊಟ್ಟಿದ್ದರು. ಮೊದಲ ವರ್ಷ ಬರೀ ಕಳೆ. "ಜನ್ಮವೆಲ್ಲ ಕೊಯ್ದೋನು, ಬೆಳೆಸ್ತಾನಂತೆ!" ಅಂತ ಡುಮ್ಮ ಹೊಟ್ಟೆ ಹಿಡಿದು ನಕ್ಕಿದ್ದ.

ಈ ವರ್ಷ ಹೂ ಬಂತು. ಲಾರಿ ಹೋದಾಗಲೆಲ್ಲ ಗಿಡಗಳು ಮಲಗಿ ಏಳುತ್ತಿದ್ದವು. ಜೇನುನೊಣ ಮಾತ್ರ ಹಿಡಿದ ಹೂ ಬಿಡುತ್ತಿರಲಿಲ್ಲ.

"ಅಪ್ಪ, ಒಂದೇ ಒಂದು ಕಿತ್ಕೊಳ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ! ಒಣಗಿ ಬೀಜ ಉದುರ್ಲಿ. ಬರೋ ವರ್ಷ ತಾವಾಗೇ ಎದ್ರೆ ಜಾಗ ಹೂವಿಗೇ ಬಿಡ್ತಾರಂತೆ. ಇಲ್ದಿದ್ರೆ ಮತ್ತೆ ನನ್ನ ಕೈಲೇ ಕೊಯ್ಸ್ತಾರೆ."

*

ಗಾಡಿ ಹೆದ್ದಾರಿಗೆ ಬಂತು. ರಸ್ತೆಯಂಚು ಈಗಷ್ಟೇ ಕ್ಷೌರ ಮಾಡಿದ ಗಲ್ಲದ ಹಾಗೆ ನುಣ್ಣಗಿತ್ತು.

"ನಿಲ್ಸಪ್ಪಾ!" ಡುಮ್ಮ ಕೂಗಿದ. "ಛೆ, ಅಲ್ಲೊಂದಿಷ್ಟು ಉಳ್ಕೊಂಡಿದೆ."

ಊರುಗಳ ದೂರ ಬರೆದ ಬೋರ್ಡಿನ ಎರಡು ಕಾಲುಗಳ ನಡುವೆ, ಮಿಷನ್ನಿನ ಬ್ಲೇಡು ತಲುಪದ ಕಡೆ, ಒಂದು ಹಿಡಿ ಹಳದಿ ಹೂ. ಡುಮ್ಮ ಇಳಿದು ಅತ್ತ ನಡೆದ. ಮಗಳು ಹಿಂದೆಯೇ ಓಡಿ ಅವನಿಗೆ ಅಡ್ಡ ನಿಂತಳು.

"ಬೇಡ ಮಾವ. ಅದು ಬೀಜಕ್ಕೆ."

"ಬೀಜಕ್ಕಾ?"

"ಬೀಜ ಬಿದ್ರೇನೇ ಬರೋ ವರ್ಷ ಹೂ. ಅಪ್ಪ ಅದಕ್ಕೇ ಕಾಯ್ತಿದ್ರು."

ಡುಮ್ಮ ನುಣ್ಣಗಿನ ರಸ್ತೆಯಂಚನ್ನು ಕಣ್ಣು ಹೋಗುವಷ್ಟು ದೂರ ನೋಡಿದ.

"ಅಯ್ಯೋ, ಏನ್ ಮಾಡ್ಬಿಟ್ವಿ ಕಣಮ್ಮ... ಬಾಯಿ ಬಿಟ್ಟು ಬೈದಾದ್ರೂ ಬಿಡು."

ಅವಳಿಗೆ ಅದೂ ಬರಲಿಲ್ಲ. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಡುಮ್ಮ ಜಾಕೀಟು ಬಿಚ್ಚಿ, ಯಾರೂ ಕೊಯ್ಯದ ಹಾಗೆ ಗುರುತಿಗೆ, ಬೋರ್ಡಿನ ಕಾಲಿಗೆ ಬಿಗಿಯಾಗಿ ಕಟ್ಟಿದ. ಅದರ ಬುಡದಲ್ಲಿ, ಇಡೀ ರಸ್ತೆಯ ಜೇನುನೊಣಗಳೆಲ್ಲ ಆ ಒಂದು ಹಿಡಿ ಹೂವಿನ ಮೇಲೆ ಜಾಗಕ್ಕಾಗಿ ನೂಕಾಡುತ್ತಿದ್ದವು.